ಬೆಕ್ಕಿರುವ ಮನೆಗೆ ಆರಡಿಯ ಕ್ರಿಸ್‌ಮಸ್ ಮರ: ಬುಡದಿಂದ ಮೇಲಕ್ಕೆ ಒಂದು ವಿಮರ್ಶೆ

ಅಂಗಡಿಯಲ್ಲಿ ಕ್ರಿಸ್‌ಮಸ್ ಮರ ನೋಡುವವರ ಕಣ್ಣು ಮೊದಲು ಹೋಗುವುದು ತುದಿಯ ನಕ್ಷತ್ರಕ್ಕೆ, ಆಮೇಲೆ ಕೊಂಬೆಗಳ ದಟ್ಟಣೆಗೆ, ಅದಾದ ಮೇಲೆ ಬೆಲೆಯ ಚೀಟಿಗೆ. ಬಗ್ಗಿ ಬುಡ ನೋಡುವವರು ಕಡಿಮೆ. ನಮ್ಮ ಮನೆಯಲ್ಲಿ ನಾಲ್ಕು ಕಿಲೋ ತೂಗುವ ಮಿಟುಕಿ ಎಂಬ ಬೆಕ್ಕಿದೆ, ಬಾಲ ಬೀಸಿದರೆ ಟೀಪಾಯಿಯ ಮೇಲಿನ ಲೋಟ ನೆಲ ಕಾಣುವಷ್ಟು ದೊಡ್ಡ ನಾಯಿ ಭೀಮ ಇದ್ದಾನೆ, ಹಬ್ಬಕ್ಕೆ ಬರುವ ನಾದಿನಿಯ ಎರಡು ವರ್ಷದ ಮಗನಿದ್ದಾನೆ. ಹಾಗಾಗಿ ನಾನು ಮರವನ್ನು ಕೆಳಗಿನಿಂದ ಮೇಲಕ್ಕೆ ಓದುವವಳು. ಪ್ರೌಢಶಾಲೆಯಲ್ಲಿ ಗಣಿತ ಕಲಿಸುತ್ತೇನೆ. ಅಂಕ ಕೊಡದೆ ಏನನ್ನೂ ಮುಗಿಸುವ ಅಭ್ಯಾಸವಿಲ್ಲ. ಅದನ್ನೂ ಕೊಡುತ್ತೇನೆ.

ಕಂಪನಿಯ ಹೆಸರು ಬರೆಯುವುದಿಲ್ಲ. ಇದೇ ಅಚ್ಚಿನ ಮರ ಬೇರೆ ಬೇರೆ ಹೆಸರಿನ ಪೆಟ್ಟಿಗೆಗಳಲ್ಲಿ ಬರುತ್ತದೆ, ಒಂದೇ ಪಾಠ ಬೇರೆ ಬೇರೆ ಗೈಡುಗಳಲ್ಲಿ ಬಂದಂತೆ. ಲಕ್ಷಣ ಹೇಳಿದರೆ ಗುರುತಿಸಬಹುದು. ಎತ್ತರ 180 ಸೆಂಟಿಮೀಟರ್, ಕೆಳಗಿನ ಕೊಂಬೆಗಳ ಹರವು 110 ಸೆಂಟಿಮೀಟರ್, ತೂಕ 7 ಕಿಲೋ. ಕಾಂಡ ಮೂರು ತುಂಡುಗಳಲ್ಲಿ ಬರುತ್ತದೆ, ಒಂದರೊಳಗೊಂದು ಕೂರುತ್ತದೆ. ಕೊಂಬೆಗಳು ಕೀಲಿನ ಮೇಲಿವೆ, ತುಂಡನ್ನು ಸರಿಯಾದ ದಿಕ್ಕಿನಲ್ಲಿ ಹಿಡಿದರೆ ತಾವಾಗಿಯೇ ಕೆಳಗೆ ಬಿಚ್ಚಿಕೊಳ್ಳುತ್ತವೆ. ಜೊತೆಗೆ ಒಂದು ಸೀರಿಯಲ್ ಸೆಟ್, ಒಂದು ಪ್ಲಾಸ್ಟಿಕ್ ನಕ್ಷತ್ರ, ಹತ್ತಿಯ ಒಂದು ಜೊತೆ ಕೈಗವಸು, ಪೈನ್ ತೈಲದ ಪುಟ್ಟ ಸೀಸೆ. ಮತ್ತು ನಾಲ್ಕು ಕಾಲಿನ ಮಡಚುವ ಕಬ್ಬಿಣದ ಸ್ಟ್ಯಾಂಡ್. ನಾನು ಇದನ್ನು ಕೊಂಡದ್ದು ಆ ಸ್ಟ್ಯಾಂಡಿಗಾಗಿ. ಉಳಿದದ್ದು ಅದರ ಜೊತೆಗೆ ಬಂತು ಎಂದುಕೊಂಡಿದ್ದೇನೆ.

ಸ್ಟ್ಯಾಂಡುಗಳಲ್ಲಿ ಮೂರು ಕಾಲಿನವು, ನಾಲ್ಕು ಕಾಲಿನವು, ಐದು ಕಾಲಿನವು ಇವೆ. ಮೂರು ಕಾಲಿನದು ನೆಲ ಏರುಪೇರಾಗಿದ್ದರೂ ಕುಂಟುವುದಿಲ್ಲ ಎಂದು ಮಾರುವವರು ಹೇಳುತ್ತಾರೆ. ನಿಜ, ಯಾವ ಮೂರು ಬಿಂದುಗಳಿಗೂ ಒಂದು ಸಮತಲ ಸಿಕ್ಕೇ ಸಿಗುತ್ತದೆ. ಆದರೆ ಕುಂಟದಿರುವುದು ಬೇರೆ, ಬೀಳದಿರುವುದು ಬೇರೆ. ಮರ ಬೀಳುವುದು ಕಾಲಿರುವ ಕಡೆಗಲ್ಲ, ಎರಡು ಕಾಲುಗಳ ನಡುವಿನ ಖಾಲಿ ಜಾಗದ ಕಡೆಗೆ. ಅಕ್ಕಪಕ್ಕದ ಎರಡು ಪಾದಗಳನ್ನು ಸೇರಿಸಿ ನೆಲದ ಮೇಲೆ ಗೆರೆ ಎಳೆಯಿರಿ. ಮರ ಮಗುಚುವುದು ಆ ಗೆರೆಯ ಮೇಲೆ ತಿರುಗಿಕೊಂಡು. ಕಾಂಡದಿಂದ ಆ ಗೆರೆಗಿರುವ ದೂರ ಮೂರು ಕಾಲಿನ ಸ್ಟ್ಯಾಂಡಿನಲ್ಲಿ ಕಾಲಿನ ಉದ್ದದ ಸರಿಯಾಗಿ ಅರ್ಧ. ನಾಲ್ಕು ಕಾಲಿನದರಲ್ಲಿ ಶೇಕಡಾ 70ರಷ್ಟು. ಐದಕ್ಕೆ ಹೋದರೆ 80ರಷ್ಟು.

ನಮ್ಮ ಸ್ಟ್ಯಾಂಡಿನ ಪ್ರತಿ ಕಾಲು 35 ಸೆಂಟಿಮೀಟರ್. ಅಂದರೆ ಗೆರೆ ಕಾಂಡದಿಂದ ಸುಮಾರು 25 ಸೆಂಟಿಮೀಟರ್ ದೂರದಲ್ಲಿದೆ. ಇಷ್ಟೇ ಉದ್ದದ ಮೂರು ಕಾಲುಗಳಿದ್ದಿದ್ದರೆ 17.5 ಇರುತ್ತಿತ್ತು. ಈಗ ಮಿಟುಕಿಯನ್ನು ಕಾಂಡದಿಂದ 50 ಸೆಂಟಿಮೀಟರ್ ಆಚೆಗಿನ ಕೆಳಕೊಂಬೆಯ ಮೇಲೆ ಕೂರಿಸೋಣ. ಮೂರು ಕಾಲಿನದರಲ್ಲಿ ಬೆಕ್ಕು ಗೆರೆಯಿಂದ 32.5 ಸೆಂಟಿಮೀಟರ್ ಹೊರಗಿದೆ. ನಾಲ್ಕು ಕಿಲೋಗೆ ಗುಣಿಸಿದರೆ 130. ಅದನ್ನು ತಡೆಯಲು ಮರದ ಬಳಿ ಇರುವುದು ಏಳು ಇಂಟು ಹದಿನೇಳೂವರೆ, ಅಂದರೆ 122.5. ಬಿತ್ತು. ನಾಲ್ಕು ಕಾಲಿನದರಲ್ಲಿ ಬೆಕ್ಕಿನ ಲೆಕ್ಕ ನಾಲ್ಕು ಇಂಟು ಇಪ್ಪತ್ತೈದು, 100. ಮರದ ಲೆಕ್ಕ ಏಳು ಇಂಟು ಇಪ್ಪತ್ತೈದು, 175. ನಿಂತಿತು. ಅದೇ ಮರ, ಅದೇ ಬೆಕ್ಕು, ಒಂದು ಕಾಲಿನ ವ್ಯತ್ಯಾಸ. ಮೂರು ಕಾಲಿನ ಸ್ಟ್ಯಾಂಡ್ ಮುದ್ದಾಗಿ ಕಾಣುತ್ತದೆ ಎಂದು ಮಗಳು ವಾದಿಸಿದಾಗ ಈ ಲೆಕ್ಕವನ್ನು ಬಿಲ್ಲಿನ ಹಿಂಬದಿಯಲ್ಲಿ ಬರೆದು ತೋರಿಸಿದೆ. "ಅಮ್ಮಾ, ಹಬ್ಬದಲ್ಲೂ ಪರೀಕ್ಷೆಯೇ?" ಎಂದಳು. ಆದರೆ ಉತ್ತರ ಸರಿಯಿದೆ ಎಂದು ಒಪ್ಪಿದಳು.

ಈ ಲೆಕ್ಕ ಸುಮ್ಮನೆ ಕುಳಿತ ಬೆಕ್ಕಿಗೆ ಮಾತ್ರ. ಸೋಫಾದ ಬೆನ್ನಿನಿಂದ ಹಾರಿ ಮರದ ಎದೆಗೆ ಬಂದು ಬಡಿದ ಬೆಕ್ಕಿಗೆ ತೂಕದ ಜೊತೆ ವೇಗವೂ ಸೇರುತ್ತದೆ. ಆಗ ನಾಲ್ಕು ಕಾಲೂ ಸಾಲುವುದಿಲ್ಲ. ಆದ್ದರಿಂದ ಎರಡು ಕೆಲಸ ಮಾಡಬೇಕು. ಒಂದು, ಸ್ಟ್ಯಾಂಡಿನ ಕಾಲುಗಳ ಮೇಲೆ ಮರಳಿನ ಚೀಲ ಇಟ್ಟು ಬಟ್ಟೆ ಮುಚ್ಚುವುದು. ಇನ್ನೊಂದು, ಕಾಂಡದ ಮೇಲಿನ ಮೂರನೆಯ ಒಂದು ಭಾಗದಲ್ಲಿ ಮೀನು ಹಿಡಿಯುವ ನೈಲಾನ್ ದಾರ ಕಟ್ಟಿ ಗೋಡೆಯ ಕೊಕ್ಕೆಗೆ ಬಿಗಿಯುವುದು. ದಾರ ಕಣ್ಣಿಗೆ ಕಾಣುವುದಿಲ್ಲ. "ಹಬ್ಬದ ಮರಕ್ಕೂ ಹಗ್ಗವೇ? ಅದೇನು ಓಡಿಹೋಗುತ್ತದೆಯೇ?" ಎಂದು ಅತ್ತೆ ಕೇಳುತ್ತಾರೆ, ಪ್ರತಿ ವರ್ಷವೂ ಹೊಸದಾಗಿ ಕೇಳಿದಂತೆ. ಮೊಮ್ಮಗ ಕೊಂಬೆ ಹಿಡಿದು ಎದ್ದು ನಿಲ್ಲಲು ಕಲಿತ ಮೇಲೆ ಅವರೇ ಗಂಟು ಬಿಗಿಯಿದೆಯೇ ಎಂದು ನೋಡತೊಡಗಿದ್ದಾರೆ.

ಕಾಂಡವನ್ನು ಸ್ಟ್ಯಾಂಡಿಗೆ ಹಿಡಿದಿಡುವ ಮೂರು ರೆಕ್ಕೆ ತಿರುಪುಗಳ ಬಗ್ಗೆ ಒಂದು ಮಾತು. ಒಂದನ್ನು ಪೂರ್ತಿ ಬಿಗಿದು ಆಮೇಲೆ ಉಳಿದವಕ್ಕೆ ಹೋದರೆ ಮರ ವಾಲುತ್ತದೆ. ಮೂರನ್ನೂ ಸ್ವಲ್ಪ ಸ್ವಲ್ಪವೇ ಸರದಿಯಲ್ಲಿ ತಿರುಗಿಸಬೇಕು. ಕೈಪಿಡಿಯಲ್ಲಿ ಇದಿಲ್ಲ. ಕೈಪಿಡಿಯಲ್ಲಿ ಇರುವುದು ನಗುತ್ತಿರುವ ಒಂದು ಕುಟುಂಬದ ಚಿತ್ರ ಮತ್ತು "ಮಕ್ಕಳ ಕೈಗೆ ಸಿಗದಂತೆ ಇಡಿ" ಎಂಬ ಸಾಲು. ಕ್ರಿಸ್‌ಮಸ್ ಮರವನ್ನು ಮಕ್ಕಳ ಕೈಗೆ ಸಿಗದಂತೆ ಇಡುವ ಮನೆ ಯಾವುದೋ!

ಜೋಡಿಸುವುದು ಇಬ್ಬರ ಕೆಲಸ; ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ಮುಗಿಯದೇ ಇರುವುದು ಕೊಂಬೆ ಬಿಡಿಸುವ ಕೆಲಸ. ಪೆಟ್ಟಿಗೆಯಿಂದ ಎತ್ತಿದ ಮರ ಒದ್ದೆಯಾದ ಛತ್ರಿಗಿಂತ ಕಡೆಯಾಗಿರುತ್ತದೆ. ಪ್ರತಿ ಕೊಂಬೆಯ ಪ್ರತಿ ಕವಲನ್ನೂ ಒಂದು ಎಡಕ್ಕೆ, ಒಂದು ಬಲಕ್ಕೆ, ಒಂದು ಮೇಲಕ್ಕೆ ಬಗ್ಗಿಸುತ್ತಾ ಹೋಗಬೇಕು, ಅದೂ ಕಾಂಡದ ಕಡೆಯಿಂದ ತುದಿಯ ಕಡೆಗೆ, ಕೆಳಸಾಲಿನಿಂದ ಮೇಲಕ್ಕೆ. ಹತ್ತಿಯ ಕೈಗವಸು ಕೊಟ್ಟಿರುವುದು ಅಲಂಕಾರಕ್ಕಲ್ಲ. ಬರಿಗೈಯಲ್ಲಿ ಮಾಡಿದರೆ ಬೆರಳ ಸಂದಿಯಲ್ಲಿ ಗೀರುಗಳೇಳುತ್ತವೆ. ನಮ್ಮವರು ಕೆಳಸಾಲು ಮಾಡುತ್ತಾರೆ, ಮಗಳು ನಡುವಿನದು, ನಾನು ಮೇಲಿನದು. ಅತ್ತೆ ಕುರ್ಚಿಯಲ್ಲಿ ಕುಳಿತು "ಅಲ್ಲೊಂದು ಕಂಡಿ ಉಳಿದಿದೆ ನೋಡು" ಎಂದು ತೋರಿಸುತ್ತಾರೆ. ಆ ಒಂದೂವರೆ ಗಂಟೆಯಲ್ಲಿ ನಾಲ್ವರೂ ಮೊಬೈಲ್ ಮುಟ್ಟುವುದಿಲ್ಲ. ಮಗಳ ಹಾಸ್ಟೆಲಿನಲ್ಲಿ ಇಡೀ ವರ್ಷ ಏನಾಯಿತು ಎಂಬುದು ನಮಗೆ ಗೊತ್ತಾಗುವುದು ಆಗಲೇ. ಈಗ ಕೊಂಬೆಗಳು ತಾವಾಗಿಯೇ ಅರಳುವ, ದೀಪ ಸಮೇತ ಬರುವ ಮರಗಳೂ ಮಾರುಕಟ್ಟೆಯಲ್ಲಿವೆ. ನನಗೆ ಬೇಡ.

ಎಲೆಯ ವಿಚಾರಕ್ಕೆ ಬಂದರೆ, ಪೆಟ್ಟಿಗೆಯ ಮೇಲೆ ದೊಡ್ಡ ಅಕ್ಷರದಲ್ಲಿ ಎಷ್ಟು ತುದಿಗಳಿವೆ ಎಂದು ಬರೆದಿರುತ್ತಾರೆ. ಆ ಸಂಖ್ಯೆಗಿಂತ ತುದಿ ಯಾವುದರದ್ದು ಎಂದು ನೋಡುವುದು ಮೇಲು. ಪಿವಿಸಿ ಎಲೆಯೆಂದರೆ ತೆಳು ಹಾಳೆಯನ್ನು ಸಣ್ಣ ಪಟ್ಟಿಗಳಾಗಿ ಸೀಳಿ, ಎರಡು ತಂತಿಗಳ ನಡುವೆ ಹಿಡಿದು ತಿರುಚಿದ್ದು. ಶೀಷೆ ತೊಳೆಯುವ ಬ್ರಷ್ಷಿನ ರಚನೆಯೇ. ಪಾಲಿಥಿಲೀನ್ ಎಲೆಯೆಂದರೆ ಅಚ್ಚಿನಲ್ಲಿ ಎರೆದದ್ದು. ದಪ್ಪ, ದುಂಡು, ದೂರದಿಂದ ನಿಜವೆಂದೇ ಅನ್ನಿಸುತ್ತದೆ. ನಮ್ಮದರಲ್ಲಿ ಹೊರಗೆ ಅಚ್ಚಿನದು, ಒಳಗೆ ಪಟ್ಟಿಯದು. ಕಣ್ಣಿಗೆ ಬೀಳುವ ಕಡೆ ಒಳ್ಳೆಯದನ್ನು ಹಾಕಿ ಉಳಿದ ಕಡೆ ಮಿತವ್ಯಯ ಮಾಡಿದ್ದಾರೆ, ತಪ್ಪೇನಲ್ಲ. ತಂತಿಗೆ ಎಲೆ ಸುತ್ತುವ ಈ ಉಪಾಯ ಪ್ಲಾಸ್ಟಿಕ್ಕಿಗಿಂತ ಹಳೆಯದು. 19ನೆಯ ಶತಮಾನದ ಜರ್ಮನಿಯಲ್ಲಿ ಹೆಬ್ಬಾತಿನ ಗರಿಗಳಿಗೆ ಹಸಿರು ಬಣ್ಣ ಹಾಕಿ ತಂತಿಗೆ ಸುತ್ತಿ ಮರ ಮಾಡುತ್ತಿದ್ದರು. ಗರಿಯ ಮರ ನಮ್ಮ ಮನೆಗೆ ಬಂದಿದ್ದರೆ ಮಿಟುಕಿ ಅದನ್ನು ಊಟವೆಂದೇ ತಿಳಿಯುತ್ತಿದ್ದಳು.

ಹೊಸ ಮರಕ್ಕೆ ಪ್ಲಾಸ್ಟಿಕ್ ವಾಸನೆ ಇರುತ್ತದೆ. ಮೊದಲ ವರ್ಷ ಬಿಡಿಸಿದ ಮೇಲೆ ಬಾಲ್ಕನಿಯಲ್ಲಿ ಗಾಳಿಗಿಟ್ಟರೆ ಹೋಗುತ್ತದೆ. ಹಳೆಯ ಪಿವಿಸಿ ಮರಗಳಲ್ಲಿ ಸೀಸದ ಅಂಶ ಸೇರಿಸುತ್ತಿದ್ದರು. ಅಜ್ಜಿ ಕಾಲದ ಮರ ಅಟ್ಟದಲ್ಲಿದ್ದರೆ ಮಗುವಿನ ಕೈಗೆ, ನಾಯಿಯ ಬಾಯಿಗೆ ಅದನ್ನು ಕೊಡಬೇಡಿ, ಮುಟ್ಟಿದ ಮೇಲೆ ಕೈ ತೊಳೆಯಿರಿ. ಮಿಟುಕಿ ಎಲೆ ಅಗಿಯುವ ಪೈಕಿ. ಅಚ್ಚಿನ ಎಲೆ ಅವಳ ಹಲ್ಲಿಗೆ ಬಗ್ಗಲಿಲ್ಲ, ಪಟ್ಟಿಯ ಎಲೆ ಮಾತ್ರ ಕಿತ್ತು ಬರುತ್ತದೆ. ಒಳಗಿರುವುದರಿಂದ ಅವಳಿಗೆ ಸಿಗುವುದು ಕಡಿಮೆ. ವಿನ್ಯಾಸಕಾರರು ಬೆಕ್ಕನ್ನು ಮನಸ್ಸಿನಲ್ಲಿಟ್ಟುಕೊಂಡು ಹೀಗೆ ಮಾಡಿರಲಾರರು, ಆದರೂ ಅಂಕ ಕೊಡುತ್ತೇನೆ.

ಪೈನ್ ತೈಲದ ಸೀಸೆಯನ್ನು ಮುಚ್ಚಳ ತೆರೆಯದೆ ಕಸಕ್ಕೆ ಹಾಕಿದೆ. ಕೃತಕ ಮರಕ್ಕೆ ಕಾಡಿನ ವಾಸನೆ ಬರಲಿ ಎಂದು ನಾಲ್ಕು ಹನಿ ಚಿಮುಕಿಸಬೇಕಂತೆ. ಇಂಥ ತೈಲಗಳ ಅಂಶಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಯಕೃತ್ತಿಗೆ ತೀರ ಕಡಿಮೆ. ಎಲೆಯ ಮೇಲೆ ಬಿದ್ದದ್ದು ತುಪ್ಪಳಕ್ಕೆ ಅಂಟುತ್ತದೆ, ತುಪ್ಪಳದ್ದು ನಾಲಿಗೆಗೆ ಹೋಗುತ್ತದೆ. ಮನೆಗೆ ಹಬ್ಬದ ವಾಸನೆ ಬೇಕಿದ್ದರೆ ಅಡುಗೆಮನೆಯಿದೆ. ನಮ್ಮವರು ಕಿತ್ತಳೆಯನ್ನು ತೆಳ್ಳಗೆ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ ಓವನ್‌ನಲ್ಲಿ ಸಣ್ಣ ಉರಿಗೆ ಒಣಗಿಸುತ್ತಾರೆ. ಅಂಚು ಕಂದಾಗಿ, ನಡುವಿನ ತೊಳೆಗಳು ಬಣ್ಣದ ಗಾಜಿನಂತೆ ಪಾರದರ್ಶಕವಾಗುತ್ತವೆ. ದೀಪದ ಮುಂದೆ ತೂಗುಹಾಕಿದರೆ ಅಂಗಡಿಯ ಯಾವ ಗುಂಡೂ ಅವುಗಳ ಮುಂದೆ ನಿಲ್ಲುವುದಿಲ್ಲ. ಕಿತ್ತಳೆಯ ವಾಸನೆಗೆ ಬೆಕ್ಕು ದೂರವಿರುತ್ತದೆ ಎನ್ನುತ್ತಾರೆ. ಮಿಟುಕಿ ಹಾಗೇನೂ ಅಂದುಕೊಂಡಂತೆ ಕಾಣುವುದಿಲ್ಲ.

ದೀಪಗಳು ಈ ಪೆಟ್ಟಿಗೆಯ ದುರ್ಬಲ ಭಾಗ. ಮೇಣದ ಬತ್ತಿ ಉರಿಸುತ್ತಿದ್ದ ಮರಕ್ಕೆ ಮೊದಲು ವಿದ್ಯುತ್ ದೀಪ ಹಾಕಿದವರು ಎಡಿಸನ್ನರ ಸಹೋದ್ಯೋಗಿ ಎಡ್ವರ್ಡ್ ಜಾನ್ಸನ್. 1882ರಲ್ಲಿ ನ್ಯೂಯಾರ್ಕಿನ ತಮ್ಮ ಮನೆಯಲ್ಲಿ ಕೆಂಪು, ಬಿಳಿ, ನೀಲಿಯ 80 ಬಲ್ಬುಗಳನ್ನು ಹಾಕಿ ಮರವನ್ನೇ ತಿರುಗಿಸಿದ್ದರು. ಅಷ್ಟು ವರ್ಷಗಳ ನಂತರ ನಮ್ಮ ಪಾಲಿಗೆ ಬಂದಿರುವ ಸೀರಿಯಲ್ ಸೆಟ್ಟಿಗೆ ಎಂಟು ಬಗೆಯ ಮಿಣುಕು ಬರುತ್ತದೆ, ನೆನಪಿನ ಶಕ್ತಿ ಮಾತ್ರ ಬರುವುದಿಲ್ಲ. ಸುಮ್ಮನೆ ಉರಿಯುವ ಬಗೆ ಎಂಟನೆಯದು. ಪ್ರತಿ ಸಂಜೆ ಸ್ವಿಚ್ ಹಾಕಿದಾಗ ಮರ ಪೊಲೀಸ್ ಜೀಪಿನಂತೆ ಮಿನುಗಲು ಶುರುಮಾಡುತ್ತದೆ. ಗುಂಡಿಯನ್ನು ಏಳು ಸಲ ಒತ್ತಿದರೆ ಶಾಂತವಾಗುತ್ತದೆ. ಆ ಗುಂಡಿ ಇರುವುದು ಮರದ ಹಿಂದೆ, ಗೋಡೆಯ ಬದಿಯಲ್ಲಿ. ಜೊತೆಗೆ ಎರಡನೆಯ ವರ್ಷಕ್ಕೆ ಕೆಳಗಿನ ಮೂರನೆಯ ಒಂದು ಭಾಗ ಕತ್ತಲಾಯಿತು. ಬದಲಿ ಕೇಳಿದರೆ "ದೀಪಕ್ಕೆ ವಾರಂಟಿ ಇಲ್ಲ, ಮರಕ್ಕೆ ಮಾತ್ರ" ಎಂಬ ಉತ್ತರ ಬಂತು. ಪ್ಲಾಸ್ಟಿಕ್ ಮರ ಕೆಡುವುದಾದರೂ ಹೇಗೆ ಎಂದು ಕೇಳೋಣವೆಂದುಕೊಂಡೆ, ಹಬ್ಬದ ಸಮಯ, ಬಿಟ್ಟೆ.

ಒಂದು ಗುಣ ಮಾತ್ರ ಅದರಲ್ಲಿ ಮೆಚ್ಚಬೇಕಾದದ್ದು. ಗೋಡೆಯ ಪ್ಲಗ್ಗಿನಲ್ಲೇ ಅಡಾಪ್ಟರ್ ಇದೆ, ಮರಕ್ಕೆ ಬರುವುದು 31 ವೋಲ್ಟ್ ಮಾತ್ರ. ಅಗ್ಗದ ಸೆಟ್ಟುಗಳಲ್ಲಿ ಗೋಡೆಯ ವಿದ್ಯುತ್ತೇ ನೇರವಾಗಿ ಕೊಂಬೆಗಳವರೆಗೆ ಹರಿಯುತ್ತದೆ. ತಂತಿ ಅಗಿಯುವ ಪ್ರಾಣಿ ಮನೆಯಲ್ಲಿದ್ದರೆ ಈ ಒಂದು ವ್ಯತ್ಯಾಸ ಉಳಿದೆಲ್ಲಕ್ಕಿಂತ ದೊಡ್ಡದು. ಪ್ಲಗ್ಗಿನಿಂದ ಮರದವರೆಗಿನ ತಂತಿಗೆ ಗಟ್ಟಿ ಪ್ಲಾಸ್ಟಿಕ್ ಕೊಳವೆ ತೊಡಿಸಿದ್ದೇವೆ, ಮಲಗುವ ಮುನ್ನ ಪ್ಲಗ್ ಕೀಳುತ್ತೇವೆ. ದೀಪವನ್ನು ಕೆಳಸಾಲಿನಲ್ಲಿ ಸುತ್ತುವುದಿಲ್ಲ. ಕೆಟ್ಟುಹೋದ ಭಾಗ ಕೆಳಗಿನದೇ ಆದದ್ದು ಅಷ್ಟರ ಮಟ್ಟಿಗೆ ಅನುಕೂಲವಾಯಿತು.

ಅಲಂಕಾರದಲ್ಲಿ ನಾನು ಯಾವ ಚರ್ಚೆಗೂ ಜಾಗ ಕೊಡದ ವಸ್ತು ಒಂದಿದೆ: ಮಿನುಗುವ ಜರಿ ಎಳೆಗಳು. ಬೆಕ್ಕಿನ ನಾಲಿಗೆಯ ಮೇಲಿನ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿವೆ. ಎಳೆ ಒಮ್ಮೆ ಬಾಯಿಗೆ ಸಿಕ್ಕರೆ ಉಗುಳುವುದು ಕಷ್ಟ, ನುಂಗುತ್ತಲೇ ಹೋಗುತ್ತದೆ. ಒಂದು ತುದಿ ನಾಲಿಗೆಯ ಬುಡಕ್ಕೋ ಹೊಟ್ಟೆಯಲ್ಲೋ ಸಿಕ್ಕಿಕೊಂಡು ಉಳಿದದ್ದು ಕರುಳಿಗೆ ಇಳಿದರೆ, ಕರುಳು ಲಾಡಿ ಎಳೆದ ಪೈಜಾಮದ ಅಂಚಿನಂತೆ ನೆರಿಗೆ ಕಟ್ಟುತ್ತದೆ. ಬಿಗಿಯಾದ ಎಳೆ ಕರುಳನ್ನು ಸೀಳಲೂಬಹುದು. ಆಗ ಶಸ್ತ್ರಚಿಕಿತ್ಸೆಯೇ ದಾರಿ. ಬಾಯಿಂದಲೋ ಹಿಂದಿನಿಂದಲೋ ಎಳೆಯ ತುದಿ ಕಂಡರೆ ಎಳೆಯಬಾರದು, ಹಾಗೆಯೇ ವೈದ್ಯರ ಬಳಿ ಒಯ್ಯಬೇಕು. ಉಡುಗೊರೆಗೆ ಕಟ್ಟುವ ತೆಳು ರಿಬ್ಬನ್ನಿಗೂ ಇದೇ ಮಾತು. ನಾದಿನಿ ಮನೆಗೆ ಬರುವಾಗ ಚಿನ್ನದ ಬಣ್ಣದ ಜರಿಯ ದೊಡ್ಡ ಕಟ್ಟು ತಂದಿದ್ದಳು. "ಅತ್ತಿಗೆ, ಮರ ಬೋಳಾಗಿದೆ" ಎಂದಳು. ಜರಿಯನ್ನು ಬಾಗಿಲ ಮೇಲೆ, ಬೆಕ್ಕು ಮುಟ್ಟಲಾರದ ಎತ್ತರದಲ್ಲಿ ಹಾಕಿಸಿ ಅವಳ ಮನಸ್ಸು ಉಳಿಸಿದೆ. ಮರಕ್ಕೆ ಕೆಳಗಡೆ ಮರದ ತುಂಡಿನ, ಬಟ್ಟೆಯ, ಕಾಗದದ ಆಟಿಕೆಗಳು. ಗಾಜಿನ ಗುಂಡುಗಳು ಏನಿದ್ದರೂ ನನ್ನ ಭುಜದಿಂದ ಮೇಲೆ, ಕೊಕ್ಕೆಯನ್ನು ಕೊಂಬೆಗೆ ಪೂರ್ತಿ ಸುತ್ತಿ. ಮಿಟುಕಿ ಕೆಳಗಿನ ಬಟ್ಟೆಯ ಕುರಿಮರಿಯನ್ನು ರಾತ್ರಿ ಕಿತ್ತು ಗೋದಲಿಯೊಳಗೆ ಮಲಗಿರುತ್ತಾಳೆ. ಅತ್ತೆ ಬೆಳಿಗ್ಗೆ ಎದ್ದು ಮೊದಲು ಬೆಕ್ಕನ್ನು ಎತ್ತಿ ಹೊರಗಿಟ್ಟು, ಉರುಳಿದ ಜೋಸೆಫನನ್ನು ನಿಲ್ಲಿಸಿ, ಆಮೇಲೆ ಕಾಫಿಗೆ ಹಾಲಿಡುತ್ತಾರೆ.

ಬೆಕ್ಕು ಮರದ ಮೇಲ್ಭಾಗದ ಸಮಸ್ಯೆಯಾದರೆ ನಾಯಿ ಕೆಳಭಾಗದ್ದು. ಈ ಮರದ ಕೆಳಕೊಂಬೆಗಳು ನೆಲದಿಂದ ಅಂಗೈ ಅಗಲವೇ ಮೇಲಿರುವುದರಿಂದ ಉಡುಗೊರೆ ಇಡಲು ಜಾಗ ಕಡಿಮೆ ಎಂದು ಬೇರೆಯವರು ದೂರುತ್ತಾರೆ. ನನಗೆ ಅದೇ ಅನುಕೂಲ. ಮರದಡಿ ಇಡುವ ಪೊಟ್ಟಣಗಳಲ್ಲಿ ಅರ್ಧದಷ್ಟು ತಿನ್ನುವ ವಸ್ತುಗಳೇ. ಬಣ್ಣದ ಕಾಗದ ನಮ್ಮ ಕಣ್ಣನ್ನು ಮರೆಸುತ್ತದೆ, ಭೀಮನ ಮೂಗನ್ನಲ್ಲ. ಚಾಕೊಲೆಟ್‌ನಲ್ಲಿರುವ ಥಿಯೋಬ್ರೊಮಿನ್ ನಾಯಿಯ ಮೈಯಿಂದ ಬಲು ನಿಧಾನವಾಗಿ ಹೋಗುತ್ತದೆ. ಅರ್ಧ ಕರಗಲು 17 ಗಂಟೆಗೂ ಮೇಲೆ ಬೇಕು. ಚಾಕೊಲೆಟ್ ಕಪ್ಪಾದಷ್ಟೂ ಕಹಿಯಾದಷ್ಟೂ ಅಪಾಯ ಹೆಚ್ಚು. ಸಕ್ಕರೆಯಿಲ್ಲದ ಮಿಠಾಯಿಯಲ್ಲಿ ಸಿಹಿಗೆಂದು ಹಾಕುವ ಕ್ಸೈಲಿಟಾಲ್ ಇದ್ದರೆ ಅದು ಇನ್ನೂ ಕೆಟ್ಟದ್ದು, ಸ್ವಲ್ಪವೇ ಸಾಕು ರಕ್ತದ ಸಕ್ಕರೆ ಕುಸಿಯಲು. ಹಿಟ್ಟಿಗೆ ಉಪ್ಪು ಕಲಸಿ ಮಕ್ಕಳು ಮಾಡುವ ನಕ್ಷತ್ರ, ಗಂಟೆಗಳ ಅಲಂಕಾರವೂ ಹಾಗೆಯೇ. ನಾಯಿಗೆ ಅದು ಬಿಸ್ಕತ್ತು, ಹೊಟ್ಟೆಗೆ ಹೋದರೆ ಉಪ್ಪಿನ ವಿಷ. ಆದ್ದರಿಂದ ನಮ್ಮ ಮರದಡಿ ಇರುವುದು ಪುಸ್ತಕ, ಬಟ್ಟೆ, ಸಾಬೂನು. ತಿನ್ನುವ ಉಡುಗೊರೆಗಳು ಫ್ರಿಜ್ಜಿನ ಮೇಲೆ ಕುಳಿತು ಕಾಯುತ್ತವೆ.

ಕೇಕಿನ ವಿಷಯದಲ್ಲಿ ನಾಯಿಯಿರುವ ಮನೆಯವರು ಇನ್ನಷ್ಟು ಗಟ್ಟಿಯಾಗಬೇಕು. ಹಬ್ಬದ ಪ್ಲಮ್ ಕೇಕ್ ಎಂದರೆ ಒಣದ್ರಾಕ್ಷಿಯ ಗಣಿ. ದ್ರಾಕ್ಷಿ ನಾಯಿಯ ಮೂತ್ರಪಿಂಡ ಕೆಡಿಸುತ್ತದೆ ಎಂಬುದು ಗೊತ್ತಿದ್ದರೂ ಏಕೆ ಎಂಬುದು ಬಹಳ ಕಾಲ ಒಗಟಾಗಿತ್ತು. 2021ರಲ್ಲಿ ಅಮೆರಿಕದ ಪಶುವಿಷ ತಜ್ಞರು ಟಾರ್ಟಾರಿಕ್ ಆಮ್ಲದ ಕಡೆ ಬೆರಳು ತೋರಿಸಿದರು. ದ್ರಾಕ್ಷಿಯಿಂದ ದ್ರಾಕ್ಷಿಗೆ ಆ ಆಮ್ಲದ ಪ್ರಮಾಣ ಬದಲಾಗುತ್ತದೆ, ಹಾಗಾಗಿ "ಹಿಂದೆ ತಿಂದಿತ್ತು, ಏನೂ ಆಗಲಿಲ್ಲ" ಎಂಬ ಮಾತಿಗೆ ಬೆಲೆಯಿಲ್ಲ. ಅತ್ತೆ ಅಕ್ಟೋಬರಿನಲ್ಲೇ ಒಣಹಣ್ಣುಗಳನ್ನು ರಮ್ಮಿನಲ್ಲಿ ನೆನೆಹಾಕುತ್ತಾರೆ. ಡಿಸೆಂಬರಿನ ಮೂರನೆಯ ವಾರ ಆ ಭರಣಿಯ ಮುಚ್ಚಳ ತೆರೆದರೆ ಮನೆಯ ಮೂಲೆ ಮೂಲೆಗೂ ಹಬ್ಬ ಬಂದುಬಿಡುತ್ತದೆ. ಸಕ್ಕರೆಯನ್ನು ಕಬ್ಬಿಣದ ಬಾಣಲೆಯಲ್ಲಿ ಕರಗಿಸಿ, ಕಂದು ದಾಟಿ ಕಪ್ಪಿನ ಹೊಸ್ತಿಲಿಗೆ ಬಂದಾಗ ಬಿಸಿನೀರು ಸುರಿಯುವ ಕೆಲಸ ಅವರು ಯಾರಿಗೂ ಬಿಟ್ಟುಕೊಡುವುದಿಲ್ಲ. ಒಂದು ಕ್ಷಣ ಮುಂಚೆ ಸುರಿದರೆ ಕೇಕಿಗೆ ಬಣ್ಣವಿಲ್ಲ, ಒಂದು ಕ್ಷಣ ತಡವಾದರೆ ಕಹಿ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ಮುಖ ಹಿಂದಕ್ಕೆ ಸರಿಸಿ, ಉದ್ದ ಹಿಡಿಯ ಸೌಟಿನಲ್ಲಿ ನೀರು ಬಿಡುತ್ತಾರೆ. ಚೊರ್ರೆಂದು ಹಬೆ ಎದ್ದಾಗ ಭೀಮ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಡುತ್ತಾನೆ. ಕೇಕ್ 150 ಡಿಗ್ರಿಯಲ್ಲಿ ಎರಡು ಗಂಟೆ ಮೀರಿ ಬೇಯುತ್ತದೆ. ಆರಲು ಇಡುವುದು ಅಲ್ಮೆರಾದೊಳಗೆ, ಜಾಲರಿ ಬಾಗಿಲಿಗೆ ಚಿಲಕ ಹಾಕಿ.

ಹಾಗೆಂದು ಭೀಮನಿಗೆ ಹಬ್ಬವಿಲ್ಲವೆಂದಲ್ಲ. ಹುರಿದ ಕೋಳಿಯಲ್ಲಿ ಈರುಳ್ಳಿ, ಬೆಳ್ಳುಳ್ಳಿ ಇರುವುದರಿಂದ ಅದು ಅವನಿಗಿಲ್ಲ. ಬೆಂದ ಮೂಳೆ ಚೂಪಾಗಿ ಸೀಳುವುದರಿಂದ ಅದೂ ಇಲ್ಲ. ಮಸಾಲೆ ಹಚ್ಚುವ ಮೊದಲೇ ಒಂದು ತುಂಡು ಎದೆಮಾಂಸ ತೆಗೆದು ಉಪ್ಪಿಲ್ಲದೆ ಬೇಯಿಸಿ, ಕುಂಬಳಕಾಯಿ ಹೋಳಿನ ಜೊತೆ ಹಿಸುಕಿ, ನಾವು ಊಟಕ್ಕೆ ಕೂರುವ ಹೊತ್ತಿಗೇ ಅವನ ತಟ್ಟೆಗೆ ಹಾಕುತ್ತೇವೆ. ಹೊತ್ತು ಮುಖ್ಯ. ನಾವು ತಿನ್ನುವಾಗ ಅವನಿಗೂ ತಿನ್ನಲಿದ್ದರೆ ಮೇಜಿನ ಕೆಳಗೆ ಬಂದು ನೆಂಟರ ಮೊಣಕಾಲಿನ ಮೇಲೆ ಗದ್ದವಿಡುವುದಿಲ್ಲ. ನೆಂಟರಿಗೂ ಮೊದಲೇ ಹೇಳಿಡುತ್ತೇನೆ. ನಾಯಿಗೆ ತುತ್ತು ಹಾಕುವ ಕೈಗಳು ಬಹುತೇಕ ಪ್ರೀತಿಯ ಕೈಗಳೇ, ಬೈಯುವಂತೆಯೂ ಇಲ್ಲ.

ನಿಜವಾದ ಮರವೇ ಮೇಲಲ್ಲವೇ ಎಂದು ಕೇಳುವವರಿದ್ದಾರೆ. ಪರಿಸರದ ಲೆಕ್ಕದಲ್ಲಿ ಅವರ ಮಾತಿಗೆ ತೂಕವಿದೆ. ಬ್ರಿಟನ್ನಿನ ಕಾರ್ಬನ್ ಟ್ರಸ್ಟ್ ಅಂದಾಜಿನ ಪ್ರಕಾರ ಎರಡು ಮೀಟರಿನ ಪ್ಲಾಸ್ಟಿಕ್ ಮರದ ಇಂಗಾಲದ ಹೊರೆ ಸುಮಾರು 40 ಕಿಲೋ. ಹಬ್ಬದ ನಂತರ ಸುಟ್ಟುಬಿಡುವ ನಿಜ ಮರದ್ದು ಅದರ ಹತ್ತನೆಯ ಒಂದು ಭಾಗಕ್ಕಿಂತ ಕಡಿಮೆ. ಅಂದರೆ ಪ್ಲಾಸ್ಟಿಕ್ ಮರ ಕೊಂಡವರು ಹನ್ನೆರಡು ವರ್ಷವಾದರೂ ಅದನ್ನೇ ಬಳಸಬೇಕು. ಹೊಸ ಬಣ್ಣದ್ದು ಬಂತೆಂದು ಬದಲಿಸುವವರಿಗೆ ಕೃತಕ ಮರದ ಪರವಾಗಿ ಮಾತನಾಡುವ ಹಕ್ಕಿಲ್ಲ. ಆದರೆ ಪ್ರಾಣಿಗಳಿರುವ ಮನೆಯಲ್ಲಿ ನಿಜ ಮರಕ್ಕೆ ಬೇರೆ ತೊಡಕುಗಳಿವೆ: ಬುಡದ ತೊಟ್ಟಿಯ ಹಳಸಿದ ನೀರನ್ನು ನಾಯಿ ಕುಡಿಯುತ್ತದೆ, ಉದುರಿದ ಸೂಜಿ ಎಲೆ ಪಾದದ ಸಂದಿಗೆ ಚುಚ್ಚುತ್ತದೆ, ಒಣಗುತ್ತಾ ಹೋದಂತೆ ಬೆಂಕಿಯ ಭಯ. ಅಂದಹಾಗೆ ಕ್ರಿಸ್‌ಮಸ್‌ನ ಕೆಂಪೆಲೆಯ ಪಾಯಿನ್ಸೆಟಿಯಾ ಗಿಡದ ಮೇಲೆ ಇಲ್ಲದ ಅಪವಾದ ಹೊರಿಸಿದ್ದಾರೆ; ಅದರ ಹಾಲು ಬಾಯಿ ಉರಿಸುತ್ತದೆ, ವಾಂತಿ ತರಿಸಬಹುದು, ಹೆಚ್ಚೇನಿಲ್ಲ. ನಿಜವಾದ ಕೊಲೆಗಾತಿ ಪೂಗುಚ್ಛದಲ್ಲಿ ಸಭ್ಯವಾಗಿ ಬರುವ ಬಿಳಿಯ ಲಿಲ್ಲಿ. ಅದರ ಪರಾಗ ನೆಕ್ಕಿದರೂ ಸಾಕು, ಬೆಕ್ಕಿನ ಮೂತ್ರಪಿಂಡ ನಿಂತುಹೋಗುತ್ತದೆ. ಹಬ್ಬದ ದಿನ ಯಾರಾದರೂ ಲಿಲ್ಲಿ ತಂದರೆ ನಗುನಗುತ್ತಾ ತೆಗೆದುಕೊಂಡು ನೇರ ಪಕ್ಕದ ಮನೆಗೆ ಕೊಟ್ಟುಬರುತ್ತೇನೆ. ಅವರ ಮನೆಯಲ್ಲಿ ಇರುವುದು ಆಮೆ.

ಇನ್ನು ಪೆಟ್ಟಿಗೆ. ಕಾರ್ಖಾನೆಯಲ್ಲಿ ಯಂತ್ರದಿಂದ ಒತ್ತಿ ತುಂಬಿದ ಮರ, ಮನೆಯಲ್ಲಿ ಕೈಯಿಂದ ಒತ್ತಿದರೆ ಅದೇ ಪೆಟ್ಟಿಗೆಗೆ ಮರಳಿ ಹೋಗುವುದಿಲ್ಲ. ಜನವರಿ 6 ಕಳೆದ ಮೇಲಿನ ಭಾನುವಾರ ನಮ್ಮವರು ಮೊಣಕಾಲೂರಿ ಅದರ ಮೇಲೆ ಕುಳಿತು ನೋಡಿದರು, ಮಗಳು ಟೇಪು ಸುತ್ತಿದಳು, ಪೆಟ್ಟಿಗೆಯ ಮೂಲೆ ಹರಿಯಿತು. ಈಗ ಮೂರು ತುಂಡುಗಳನ್ನು ಮೂರು ಹಳೆಯ ಹತ್ತಿ ಸೀರೆಗಳಲ್ಲಿ ಸುತ್ತಿ ಮಂಚದ ಕೆಳಗೆ ಇಡುತ್ತೇವೆ. ಕೊಂಬೆಗಳೂ ಅಷ್ಟಾಗಿ ನಲುಗುವುದಿಲ್ಲ, ಮುಂದಿನ ವರ್ಷ ಬಿಡಿಸುವುದೂ ಬೇಗ. ಉದುರಿದ ಎಲೆ ಮೊದಲ ವರ್ಷ ಪೊರಕೆಗೆ ಒಂದು ಹಿಡಿ ಸಿಕ್ಕಿತ್ತು, ಆಮೇಲೆ ಕಡಿಮೆಯಾಗಿದೆ.

ಅಂಕಗಳು. ಸ್ಟ್ಯಾಂಡಿಗೆ ಹತ್ತಕ್ಕೆ ಒಂಬತ್ತು. ಪಾದದ ರಬ್ಬರ್ ಟೊಪ್ಪಿಗಳು ಸಡಿಲ, ಇಲ್ಲದಿದ್ದರೆ ಪೂರ್ತಿ ಕೊಡುತ್ತಿದ್ದೆ. ಎಲೆ ಮತ್ತು ಕೊಂಬೆಗೆ ಏಳು. ದೀಪಕ್ಕೆ ನಾಲ್ಕು, ಅದೂ ಅಡಾಪ್ಟರಿನ ಮುಖ ನೋಡಿ. ಪೆಟ್ಟಿಗೆಗೆ ಎರಡು, ಕೈಪಿಡಿಗೆ ಸೊನ್ನೆ. ಒಟ್ಟು ಐವತ್ತಕ್ಕೆ ಇಪ್ಪತ್ತೆರಡು ಎಂದು ಯಾರಾದರೂ ಕೂಡಿಸಿ ಅನುತ್ತೀರ್ಣ ಎನ್ನುವ ಮೊದಲು ಹೇಳಿಬಿಡುತ್ತೇನೆ, ಇಲ್ಲಿ ಎಲ್ಲ ಪ್ರಶ್ನೆಗಳಿಗೂ ಸಮಾನ ಅಂಕವಿಲ್ಲ. ಬೆಕ್ಕಿರುವವರು, ನಡೆಯಲು ಕಲಿಯುತ್ತಿರುವ ಮಗುವಿರುವವರು ಈ ಅಚ್ಚಿನ ಮರವನ್ನು ಧೈರ್ಯವಾಗಿ ಕೊಳ್ಳಬಹುದು. ದೀಪಕ್ಕೆ ಮಾತ್ರ ಬೇರೆ ಸೆಟ್ ತನ್ನಿ. ಒಂದು ವರ್ಷದೊಳಗಿನ ನಾಯಿಮರಿ ಇರುವವರು ಈ ಸಲ ಆರಡಿಯ ಮರಕ್ಕೆ ಹೋಗಬೇಡಿ, ಮೇಜಿನ ಮೇಲಿಡುವ ಎರಡಡಿಯದು ಸಾಕು. ಪ್ರಾಣಿ, ಮಗು ಯಾವುದೂ ಇಲ್ಲದ ಮನೆಯವರಿಗೆ ಇದಕ್ಕಿಂತ ಚೆಂದದ ಮರಗಳು ಬೇಕಾದಷ್ಟಿವೆ.

ಮನೆಯಲ್ಲಿ ಈಗಾಗಲೇ ಮೂರು ಕಾಲಿನ ಮರವಿದ್ದರೆ ಅದನ್ನು ಎಸೆಯಬೇಕಾಗಿಲ್ಲ. ಸ್ಟ್ಯಾಂಡ್ ಬಿಡಿಯಾಗಿಯೂ ಸಿಗುತ್ತದೆ. ಕಾಂಡದ ಕೆಳತುದಿಯ ವ್ಯಾಸವನ್ನು ಮಿಲಿಮೀಟರಿನಲ್ಲಿ ಅಳೆದು ಬರೆದುಕೊಂಡು ಹೋಗಿ. ಸ್ಟ್ಯಾಂಡಿನ ಕೊಳವೆ ಅದಕ್ಕಿಂತ ಸ್ವಲ್ಪ ದೊಡ್ಡದಿದ್ದರೆ ತಿರುಪುಗಳು ಹಿಡಿದುಕೊಳ್ಳುತ್ತವೆ, ಚಿಕ್ಕದಿದ್ದರೆ ಉಪಯೋಗಕ್ಕಿಲ್ಲ. ಕಾಲುಗಳನ್ನು ಅಂಗಡಿಯಲ್ಲೇ ಪೂರ್ತಿ ಬಿಡಿಸಿ ಅಳೆಯಿರಿ. 35 ಸೆಂಟಿಮೀಟರಿಗೆ ಕಡಿಮೆಯಿದ್ದರೆ ಐದು ಕಾಲಿನದನ್ನು ಕೇಳಿ.